ಕೋಡಿ ಚಿಕ್ಕದಾದ್ರೆ ಏರಿ ಉಳಿಯಲ್ಲ: ವೇಸ್ಟ್‌ಗೇಟ್ ಸೈಜ್ ಬಗ್ಗೆ ಹತ್ತು ಪೋಸ್ಟ್

1/10
(ಫೋಟೊ: ಲ್ಯಾಬ್ ಬೆಂಚ್ ಮೇಲೆ ಟರ್ಬೊ, ಪಕ್ಕದಲ್ಲಿ ವರ್ನಿಯರ್)

ನೇರವಾಗಿ ಶುರು ಮಾಡ್ತೀನಿ. "ಬೂಸ್ಟ್ ಕಡಿಮೆ ತಾನೆ, ಚಿಕ್ಕ ವೇಸ್ಟ್‌ಗೇಟ್ ಸಾಕು" ಅನ್ನೋ ಮಾತು ತಪ್ಪು. ಸ್ವಲ್ಪ ಆಚೀಚೆ ಆದ ತಪ್ಪಲ್ಲ, ಪೂರ್ತಿ ಉಲ್ಟಾ.

ಹೊಸಬರಿಗೆ ಹಿನ್ನೆಲೆ: ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಹಳೇ ಎಸ್ಟೀಮ್‌ನ 1.3 ಲೀಟರ್ ಪೆಟ್ರೋಲ್ ಎಂಜಿನ್ ತಗೊಂಡಿದ್ದೀವಿ. ಅದು ಲ್ಯಾಬಿನ ಟೆಸ್ಟ್ ಬೆಡ್ ಮೇಲೆ ಕೂತಿದೆ. ಅದಕ್ಕೆ ಗುಜರಿಯಿಂದ ತಂದ, ಡೀಸೆಲ್ ಕಾರಿನ ಚಿಕ್ಕ ಟರ್ಬೊ ಕೂರಿಸ್ಬೇಕು. ಗುರಿ 6000 ಆರ್‌ಪಿಎಂವರೆಗೆ 0.5 ಬಾರ್ ಬೂಸ್ಟ್. ಎಂಟು ಜನ, ತಲಾ 4,000, ಒಟ್ಟು 32,000 ರೂಪಾಯಿ. ಅದರಲ್ಲಿ ಮೆಸ್ ಬಿಲ್‌ಗೆ ಇಟ್ಟಿದ್ದ ದುಡ್ಡೂ ಇದೆ, ಅಮ್ಮನ ಹತ್ರ ಕೇಳಿ ತಂದ ದುಡ್ಡೂ ಇದೆ.

ಗ್ರೂಪಲ್ಲಿ ಓಟ್ ಆಯ್ತು. ಐದು ಜನ ಹೇಳಿದ್ದು: "ಅರ್ಧ ಬಾರ್ ಅಷ್ಟೇ. ಟರ್ಬೊ ಒಳಗೆ ಇರೋ ಗೇಟೇ ಸಾಕು, ಉಳಿದ ದುಡ್ಡಲ್ಲಿ ಇಂಟರ್‌ಕೂಲರ್ ತಗೊಳ್ಳೋಣ." ಇಬ್ಬರು ಹೇಳಿದ್ದು: "60 ಮಿ.ಮೀ. ಗೇಟ್ ಹಾಕೋಣ, ಕಾಪಿ ಮಾಲು ಸಸ್ತಾ ಸಿಗುತ್ತೆ, ರೀಲ್‌ಗೂ ಸಕತ್ತಾಗಿರುತ್ತೆ." 38 ಮಿ.ಮೀ. ಅಂದವ್ರು ಒಬ್ಬರೇ, ಅದು ನಾನು. ಐದು, ಎರಡು, ಒಂದು. ಡಿಪಾಸಿಟ್ ಹೋಯ್ತು!

ಶನಿವಾರ ಸಾಮಾನಿಗೆ ಅಡ್ವಾನ್ಸ್ ಕೊಡ್ಬೇಕು. ಅಷ್ಟರೊಳಗೆ ಏಳು ಜನರ ಓಟು ಬದಲಾಗ್ಬೇಕು ಅನ್ನೋದೇ ಈ ಸರಣಿಯ ಉದ್ದೇಶ. ನಮ್ಮ ಹತ್ರ ಇರೋದು ಒಂದೇ ಎಂಜಿನ್. ಪಿಸ್ಟನ್ ಹೋದ್ರೆ ಪ್ರಾಜೆಕ್ಟೂ ಹೋಯ್ತು, ಇನ್ನೊಂದು ತರೋಕೆ ದುಡ್ಡಿಲ್ಲ. ಜಗಳ ಮನುಷ್ಯರ ಮೇಲಲ್ಲ ಗುರು, ಲೆಕ್ಕದ ಮೇಲೆ. ಒಂದೊಂದೇ ಪೋಸ್ಟ್ ಓದಿ, ಬೈಯೋದಿದ್ರೆ ಹತ್ತೂ ಮುಗಿಸಿ ಬೈಯಿರಿ.

2/10
(ಫೋಟೊ: ತುಂಬಿ ಕೋಡಿ ಹರೀತಿರೋ ಕೆರೆ)

ಇದೇನು, ಟರ್ಬೊ ಪೇಜಲ್ಲಿ ಕೆರೆ ಫೋಟೊ ಅಂತೀರಾ? ಊರ ಕಡೆ ಕೆರೆ ನೋಡಿರೋರಿಗೆ ವೇಸ್ಟ್‌ಗೇಟ್ ಪಾಠವೇ ಬೇಡ.

ಕೆರೆಗೆ ನೀರು ಬರುತ್ತೆ. ಗದ್ದೆಗೆ ಬೇಕಾದ ನೀರು ತೂಬಲ್ಲಿ ಹೋಗುತ್ತೆ. ಮಿಕ್ಕಿದ್ದು ಕೋಡಿ ಮೇಲೆ ಹರಿದು ಹಳ್ಳ ಸೇರುತ್ತೆ. ಕೋಡಿಗೆ ಆ ಮಿಕ್ಕ ನೀರು ಹಿಡಿಸಲಿಲ್ಲ ಅಂದ್ರೆ ನೀರಿನ ಮಟ್ಟ ಏರ್ತಾ ಹೋಗಿ ಏರಿ ಒಡೆಯುತ್ತೆ.

ಟರ್ಬೊದಲ್ಲೂ ಇದೇ ಕಥೆ. ಎಂಜಿನ್ನಿಂದ ಬರೋ ಎಕ್ಸಾಸ್ಟ್ ಗ್ಯಾಸ್ ಒಳಹರಿವು. ಟರ್ಬೈನ್ ತೂಬು: ಅಲ್ಲಿ ಹೋದ ಗ್ಯಾಸ್ ಚಕ್ರ ತಿರುಗಿಸುತ್ತೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಕಂಪ್ರೆಸರ್ ಗಾಳಿ ಒತ್ತುತ್ತೆ. ವೇಸ್ಟ್‌ಗೇಟ್ ಕೋಡಿ: ಬೇಡದ ಗ್ಯಾಸನ್ನ ಟರ್ಬೈನ್ ಮುಟ್ಟಿಸದೆ ಸೀದಾ ಸೈಲೆನ್ಸರ್ ಕಡೆಗೆ ಕಳಿಸುತ್ತೆ. ಬೂಸ್ಟ್ ಒತ್ತಡ ಡಯಾಫ್ರಮ್ ಮೇಲೆ ಬಿದ್ದು ಸ್ಪ್ರಿಂಗನ್ನ ಒತ್ತುತ್ತೆ, ವಾಲ್ವ್ ಏಳುತ್ತೆ. ಈ ಗೇಟ್ ಎರಡು ಥರ. ಟರ್ಬೈನ್ ಹೌಸಿಂಗ್ ಒಳಗೇ ಚಿಕ್ಕ ಬಾಗಿಲಿನ ಹಾಗೆ ಇರೋದು ಇಂಟರ್ನಲ್. ಮ್ಯಾನಿಫೋಲ್ಡ್‌ಗೆ ಬೇರೆಯಾಗಿ ಕೂರಿಸೋದು ಎಕ್ಸ್‌ಟರ್ನಲ್. 38, 44, 60 ಅನ್ನೋ ಸೈಜ್ ಮಾತೆಲ್ಲ ಎಕ್ಸ್‌ಟರ್ನಲ್ ಗೇಟಿನ ವಾಲ್ವ್ ವ್ಯಾಸ.

ಒಂದು ಗೊಂದಲ ಇಲ್ಲೇ ಬಗೆಹರಿಸ್ಕೊಳ್ಳಿ. "ಬ್ಲೋ-ಆಫ್ ವಾಲ್ವ್ ಇದೆಯಲ್ಲ, ಜಾಸ್ತಿ ಬೂಸ್ಟ್ ಅದು ಬಿಡುತ್ತೆ" ಅಂತ ಕಾಮೆಂಟ್ ಬಂದಿತ್ತು. ಥ್ರಾಟಲ್ ಮುಚ್ಚಿದಾಗ ಗಾಳಿ ಹಿಂದಕ್ಕೆ ಹೊಡೆದು ಕಂಪ್ರೆಸರ್‌ಗೆ ಪೆಟ್ಟಾಗದಿರಲಿ ಅಂತ ಅದನ್ನ ಇಟ್ಟಿರ್ತಾರೆ. ಅದು ಇಂಟೇಕ್ ಕಡೆಯದು, ವೇಸ್ಟ್‌ಗೇಟ್ ಎಕ್ಸಾಸ್ಟ್ ಕಡೆಯದು. "ಪ್ಶ್ಶ್" ಸದ್ದು ಕೇಳಿ ಇವೆರಡನ್ನೂ ಒಂದೇ ಅನ್ಕೋಬೇಡಿ.

ಈಗ ಪ್ರಶ್ನೆ: ಕೋಡಿ ಎಷ್ಟು ಅಗಲ ಇರ್ಬೇಕು ಅನ್ನೋದನ್ನ ಯಾವುದು ನೋಡಿ ತೀರ್ಮಾನ ಮಾಡ್ತಾರೆ? ಉತ್ತರ ಮುಂದಿನ ಪೋಸ್ಟಲ್ಲಿ.

3/10
(ಫೋಟೊ: ಬೋರ್ಡ್ ಮೇಲೆ ಬರೆದ ನಾಲ್ಕು ಪ್ರಶ್ನೆ)

ಕೋಡಿ ಅಗಲ ಮಿಕ್ಕುವ ನೀರಿನ ಮೇಲೆ ನಿಂತಿದೆ. ಕೆರೆ ದೊಡ್ಡದಾ ಚಿಕ್ಕದಾ ಅನ್ನೋದು ಆಮೇಲಿನ ಮಾತು. ದೊಡ್ಡ ಹೊಳೆ ನೀರು ಚಿಕ್ಕ ಕೆರೆಗೆ ಬಂದ್ರೆ ಕೋಡಿ ಅಗಲ ಬೇಕು. ಚಿಕ್ಕ ಹಳ್ಳ ದೊಡ್ಡ ಕೆರೆಗೆ ಬಂದ್ರೆ ಕೋಡಿ ಬೀಳೋದೇ ಅಪರೂಪ.

ಹಾಗೇ ವೇಸ್ಟ್‌ಗೇಟಿಗೆ ನಾಲ್ಕು ಪ್ರಶ್ನೆ ಕೇಳಿ.

ಒಂದು: ಎಂಜಿನ್ ಎಷ್ಟು ಗ್ಯಾಸ್ ಉಗುಳುತ್ತೆ? ಸಿಸಿ, ಆರ್‌ಪಿಎಂ, ಬೂಸ್ಟ್ ಎಲ್ಲಾ ಸೇರಿ. ಜಾಸ್ತಿ ಆದಷ್ಟೂ ಗೇಟ್ ದೊಡ್ಡದು.

ಎರಡು: ಟರ್ಬೈನ್ ಎಷ್ಟು ದೊಡ್ಡದು? ದೊಡ್ಡ ಟರ್ಬೈನ್ ತಾನೇ ಜಾಸ್ತಿ ಗ್ಯಾಸ್ ನುಂಗುತ್ತೆ, ಹಾಗಾಗಿ ಗೇಟ್ ಚಿಕ್ಕದಿದ್ರೂ ನಡೆಯುತ್ತೆ. ಚಿಕ್ಕ ಟರ್ಬೈನ್‌ಗೆ ದೊಡ್ಡ ಗೇಟ್ ಬೇಕು. "ದೊಡ್ಡ ಟರ್ಬೊಗೆ ದೊಡ್ಡ ಗೇಟ್, ಚಿಕ್ಕದಕ್ಕೆ ಚಿಕ್ಕದು" ಅನ್ನೋ ಸೂತ್ರ ಬಿದ್ದುಹೋಗೋದು ಇಲ್ಲೇ.

ಮೂರು: ಗುರಿ ಬೂಸ್ಟ್ ಎಷ್ಟು? ಕಡಿಮೆ ಬೂಸ್ಟ್ ಅಂದ್ರೆ ಕಂಪ್ರೆಸರ್‌ಗೆ ಕಡಿಮೆ ಕೆಲಸ. ಟರ್ಬೈನ್‌ಗೂ ಕಡಿಮೆ ಗ್ಯಾಸ್ ಸಾಕು. ಹಾಗಾದ್ರೆ ಉಳಿದ ಗ್ಯಾಸ್ ಎಲ್ಲಿಗೆ ಹೋಗ್ಬೇಕು? ಗೇಟಿಗೆ. ನೀರಿನ ಮಟ್ಟ ತಗ್ಗಿನಲ್ಲೇ ನಿಲ್ಲಬೇಕು ಅಂದ್ರೆ ಕೋಡಿ ಜಾಸ್ತಿ ಹರೀಬೇಕು. ಇಷ್ಟೇ ವಿಷಯ.

ನಾಲ್ಕು: ಗೇಟಿಗೆ ಹೋಗೋ ದಾರಿ ಸಲೀಸಾಗಿದೆಯಾ? ಇದನ್ನ ಕೊನೇ ಪೋಸ್ಟಲ್ಲಿ ನೋಡೋಣ.

ಈಗ ನಮ್ಮ ಪ್ರಾಜೆಕ್ಟನ್ನ ಈ ಪ್ರಶ್ನೆಗಳ ಮುಂದೆ ನಿಲ್ಲಿಸಿ. ಎಂಜಿನ್ 6000ಕ್ಕೆ ತಿರುಗೋ ಪೆಟ್ರೋಲ್. ಟರ್ಬೈನ್ ಚಿಕ್ಕದು. ಬೂಸ್ಟ್ ಕಡಿಮೆ. ಮೂರಕ್ಕೆ ಮೂರೂ ಉತ್ತರ "ಗೇಟ್ ದೊಡ್ಡದು ಬೇಕು" ಅನ್ನೋ ಕಡೆಗೇ ವಾಲುತ್ತೆ. ನಮ್ಮ ಐದು ಜನ "ಚಿಕ್ಕದು ಸಾಕು" ಅನ್ನೋಕೆ ಕೊಟ್ಟ ಕಾರಣಗಳೂ ಇವೇ ಮೂರು! ಚಿಕ್ಕ ಎಂಜಿನ್, ಚಿಕ್ಕ ಟರ್ಬೊ, ಚಿಕ್ಕ ಬೂಸ್ಟ್. ಮೂರು ಸಲ "ಚಿಕ್ಕ" ಅಂದ ಮಾತ್ರಕ್ಕೆ ಗೇಟೂ ಚಿಕ್ಕದಾಗಲ್ಲ ಮಗಾ.

4/10
(ಫೋಟೊ: ರಫ್ ನೋಟ್ ಬುಕ್ಕಿನ ಒಂದು ಪುಟ)

"ಬಾಯಲ್ಲಿ ಹೇಳ್ಬೇಡ, ಲೆಕ್ಕ ತೋರಿಸು" ಅಂದ್ರಿ. ಸರಿ. ಎಲ್ಲಾ ನಾಲ್ಕನೇ ಸೆಮಿಸ್ಟರಿನ ಥರ್ಮೊ, ಹೊಸದೇನಿಲ್ಲ. ಇದು ಅಂದಾಜು ಲೆಕ್ಕ, ಹಿಡಿದ ಸಂಖ್ಯೆಗಳನ್ನ ಬಿಚ್ಚಿಟ್ಟಿದ್ದೀನಿ. ಬದಲಾಯಿಸಿ ನೀವೇ ಮಾಡಿ ನೋಡಿ.

ಒಳಗೆ ಬರೋ ಗಾಳಿ 27 ಡಿಗ್ರಿ. ಕಂಪ್ರೆಸರ್, ಟರ್ಬೈನ್ ಎರಡರ ದಕ್ಷತೆಯೂ ಶೇ. 65. ಮ್ಯಾನಿಫೋಲ್ಡಿನ ಎಕ್ಸಾಸ್ಟ್ ಒತ್ತಡ ಬೂಸ್ಟಿನಷ್ಟೇ. ಪೆಟ್ರೋಲ್ ಎಕ್ಸಾಸ್ಟ್ 900 ಡಿಗ್ರಿ, ಡೀಸೆಲ್ 700.

ಮೊದಲು ಕಂಪ್ರೆಸರ್. ಒಂದು ಕೆ.ಜಿ. ಗಾಳಿಯನ್ನ 0.5 ಬಾರ್‌ಗೆ ಒತ್ತೋಕೆ ಸುಮಾರು 57 ಕಿಲೋಜೂಲ್ ಬೇಕು. 1 ಬಾರ್‌ಗೆ ಸುಮಾರು 102.

ಈಗ ಟರ್ಬೈನ್. ನಮ್ಮ ಪೆಟ್ರೋಲ್ ಎಂಜಿನ್ನಿನ ಎಕ್ಸಾಸ್ಟ್ ಪೂರ್ತಿ ಟರ್ಬೈನ್ ಮೂಲಕ ಹೋದ್ರೆ, ಒಳಗೆ ಬಂದ ಪ್ರತಿ ಕೆ.ಜಿ. ಗಾಳಿಗೆ ಸುಮಾರು 90 ಕಿಲೋಜೂಲ್ ಕೊಡುತ್ತೆ. ಬೇಕಿರೋದು 57. ಅಂದ್ರೆ ನೂರರಲ್ಲಿ 63, 64 ಭಾಗ ಸಾಕು. ಉಳಿದ 36, 37 ಭಾಗ ಗೇಟಲ್ಲಿ ಹೊರಗೆ ಹೋಗ್ಲೇಬೇಕು.

ಅದೇ ಟರ್ಬೊ ತನ್ನ ಹುಟ್ಟೂರಲ್ಲಿ, ಅಂದ್ರೆ 1.3 ಲೀಟರ್ ಡೀಸೆಲ್ ಎಂಜಿನ್ ಮೇಲೆ 1 ಬಾರ್ ಬೂಸ್ಟಲ್ಲಿ 4000 ಆರ್‌ಪಿಎಂಗೆ ಓಡ್ತಿದ್ರೆ? ಅಲ್ಲಿ ಬೇಕಿರೋದು 102, ಸಿಗೋದು ಸುಮಾರು 121. ಗೇಟಿಗೆ ಹೋಗೋದು ನೂರರಲ್ಲಿ 16 ಭಾಗ ಅಷ್ಟೇ.

ಈ ಎರಡು ಸಂಖ್ಯೆ ಪಕ್ಕಪಕ್ಕ ಇಡಿ: 16, 37. ಒಳಗಿನ ಗೇಟನ್ನ ಮಾಡಿದವರು ಡೀಸೆಲ್ಲಿನ ಕೆಲಸ ನೋಡಿ ಮಾಡಿದ್ದು. ಅವರ ಕೆಲಸದಲ್ಲಿ ಏನೂ ತಪ್ಪಿಲ್ಲ. ಅದನ್ನ ತಂದು ನಮ್ಮ ಪೆಟ್ರೋಲ್ ಎಂಜಿನ್ನಿಗೆ ಹಾಕಿ "ಕಂಪನಿ ಗೇಟ್ ಕಣೋ, ಸಾಕು" ಅನ್ನೋದು, ಅಣ್ಣನ ಚಪ್ಪಲಿ ತಮ್ಮನಿಗೆ ಹಾಕಿ "ಬ್ರ್ಯಾಂಡೆಡ್ ಕಣೋ, ಹಿಡಿಸುತ್ತೆ" ಅಂದ ಹಾಗೆ.

5/10
(ಫೋಟೊ: ಗೇಟಿನ ತೂತಿಗೆ ವರ್ನಿಯರ್ ಹಿಡಿದಿರೋದು)

ಶೇಕಡಾವಾರು ಆಯ್ತು, ಈಗ ತೂತಿನ ಸೈಜ್.

ನಮ್ಮ ಎಂಜಿನ್ 6000 ಆರ್‌ಪಿಎಂ, 0.5 ಬಾರ್‌ನಲ್ಲಿ ಸೆಕೆಂಡಿಗೆ ಸುಮಾರು 95 ಗ್ರಾಂ ಗಾಳಿ ಎಳೆಯುತ್ತೆ (ವಾಲ್ಯೂಮೆಟ್ರಿಕ್ ದಕ್ಷತೆ ಶೇ. 90, ಇಂಟೇಕ್ ಮ್ಯಾನಿಫೋಲ್ಡಲ್ಲಿ 50 ಡಿಗ್ರಿ ಅಂತ ಹಿಡಿದು). ಪೆಟ್ರೋಲ್ ಸೇರಿ ಎಕ್ಸಾಸ್ಟ್ 102 ಗ್ರಾಂ. ಅದರಲ್ಲಿ ಗೇಟಿಗೆ ಹೋಗ್ಬೇಕಾದ್ದು 37 ಗ್ರಾಂ. ನಾಜಲ್ ಸೂತ್ರ ಹಾಕಿ, ಡಿಸ್ಚಾರ್ಜ್ ಕೋಎಫಿಷಿಯಂಟ್ 0.65 ಹಿಡಿದ್ರೆ ಬೇಕಾದ ಜಾಗ ಸುಮಾರು 340 ಚದರ ಮಿ.ಮೀ. ಅಂದ್ರೆ ಪೂರ್ತಿ ತೆರೆದ 21 ಮಿ.ಮೀ. ತೂತು.

ವರ್ನಿಯರ್ ಏನು ಹೇಳ್ತು? 16 ಮಿ.ಮೀ. ಅದರ ವಿಸ್ತೀರ್ಣ 201 ಚದರ ಮಿ.ಮೀ. ಬೇಕಾದ್ದರಲ್ಲಿ ಅರ್ಧಕ್ಕಿಂತ ಚೂರು ಜಾಸ್ತಿ. ಅದೂ ಆ ಬಾಗಿಲು ಪೂರ್ತಿ ಬಾಯಿ ತೆರೆದ್ರೆ. ಡೀಸೆಲ್ಲಿಗೆ ಇದೇ ಲೆಕ್ಕ ಹಾಕಿದ್ರೆ 100 ಚದರ ಮಿ.ಮೀ. ಒಳಗೇ ಮುಗಿಯುತ್ತೆ, ಅಲ್ಲಿಗೆ 16 ಧಾರಾಳ.

ಈಗ ಇಡೀ ಸರಣಿಯಲ್ಲಿ ನನಗೆ ಅತಿ ಇಷ್ಟವಾದ ಲೆಕ್ಕ. ಇದೇ ಎಂಜಿನ್, ಇದೇ ಟರ್ಬೊ, ಗುರಿ ಮಾತ್ರ 0.5 ಬದಲು 1 ಬಾರ್ ಅಂತ ಇಟ್ಕೊಳ್ಳಿ. ಗಾಳಿ ಜಾಸ್ತಿ, ಎಕ್ಸಾಸ್ಟ್ ಜಾಸ್ತಿ. ಗೇಟಿಗೆ ಬೇಕಾದ ಜಾಗ? ಸುಮಾರು 280 ಚದರ ಮಿ.ಮೀ. ಕಡಿಮೆ ಆಯ್ತು! ಎರಡು ಕಾರಣ: ಟರ್ಬೈನ್ ಹೆಚ್ಚಿನ ಪಾಲು ತಗೊಳ್ಳುತ್ತೆ, ಮ್ಯಾನಿಫೋಲ್ಡ್ ಒತ್ತಡ ಜಾಸ್ತಿ ಇರೋದ್ರಿಂದ ಅದೇ ತೂತಲ್ಲಿ ಹೆಚ್ಚು ಗ್ಯಾಸ್ ನುಗ್ಗುತ್ತೆ.

ಬೂಸ್ಟ್ ಇಳಿಸಿದ್ರೆ ಗೇಟ್ ದೊಡ್ಡದಾಗ್ಬೇಕು. ಲೆಕ್ಕವೇ ಹೇಳ್ತಿದೆ. ಇದನ್ನ ಸುಳ್ಳು ಅನ್ನೋರು ಯಾವ ಸಾಲಲ್ಲಿ ತಪ್ಪಿದೆ ಅಂತ ತೋರಿಸಿ. "ನಮ್ಮ ಏರಿಯಾ ಗ್ಯಾರೇಜಣ್ಣ ಹೇಳಿದ್ರು" ಅನ್ನೋದು ಸಾಲಿನ ನಂಬರ್ ಅಲ್ಲ.

6/10
(ಫೋಟೊ: ಹಳೇ ಕಾರುಗಳ ಬಗ್ಗೆ ನಮ್ಮ ಸೆಮಿನಾರ್ ಪೋಸ್ಟರ್)

"ವೇಸ್ಟ್‌ಗೇಟ್ ಒಂದು ಆಕ್ಸೆಸರಿ, ಟರ್ಬೊನೇ ಮುಖ್ಯ" ಅನ್ನೋರಿಗೆ ಸ್ವಲ್ಪ ಇತಿಹಾಸ.

1962ರಲ್ಲಿ ಅಮೆರಿಕದಲ್ಲಿ ಎರಡು ಟರ್ಬೊ ಕಾರು ಬಂದ್ವು, ಎರಡೂ ಜನರಲ್ ಮೋಟಾರ್ಸ್‌ನವೇ. ಷೆವರ್ಲೆ ಕಾರ್ವೇರ್ ಸ್ಪೈಡರ್‌ಗೆ ವೇಸ್ಟ್‌ಗೇಟೇ ಇರಲಿಲ್ಲ. ಎಕ್ಸಾಸ್ಟಿನ ತಡೆಯನ್ನೇ ನಂಬಿ ಬೂಸ್ಟ್ ಮಿತಿ ಹಾಕಿದ್ರು. ಮಫ್ಲರ್ ಕಿರಿದಾಗಿದ್ರೆ ಟರ್ಬೈನ್‌ನ ಆಚೆ ಒತ್ತಡ ನಿಲ್ಲುತ್ತೆ, ಚಕ್ರ ಒಂದು ಮಟ್ಟ ದಾಟಿ ಓಡಲ್ಲ. ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ಗೆ ವೇಸ್ಟ್‌ಗೇಟ್ ಇತ್ತು. ಅದರ ಕಂಪ್ರೆಷನ್ ಜಾಸ್ತಿ ಇದ್ದಿದ್ರಿಂದ ನಾಕಿಂಗ್ ತಡೆಯೋಕೆ ಮೆಥನಾಲ್ ಬೆರೆಸಿದ ನೀರನ್ನೂ ಚಿಮುಕಿಸ್ತಿದ್ರು.

ಆಮೇಲೆ 1977ರಲ್ಲಿ ಸ್ವೀಡನ್ನಿನ ಸಾಬ್ ಕಂಪನಿ 99 ಟರ್ಬೊವನ್ನ ಫ್ರಾಂಕ್‌ಫರ್ಟ್ ಶೋಗೆ ತಂತು. ಅವರ ಯೋಚನೆ ಸರಳ: ಚಿಕ್ಕ ಟರ್ಬೊ ಹಾಕಿ, ಕಡಿಮೆ ಆರ್‌ಪಿಎಂನಲ್ಲೇ ಬೂಸ್ಟ್ ಬರಲಿ, ಮೇಲೆ ಹೋದಾಗ ಮಿಕ್ಕ ಗ್ಯಾಸನ್ನ ವೇಸ್ಟ್‌ಗೇಟ್ ನೋಡ್ಕೊಳ್ಳಲಿ. ದಿನಾ ಓಡಿಸೋ ಕಾರಲ್ಲಿ ಟರ್ಬೊ ಹಿತವಾಗಿ ಓಡೋಕೆ ಇದೇ ದಾರಿ ಅಂತ ಆಮೇಲೆ ಎಲ್ಲರೂ ಹಿಡಿದ್ರು. ಇವತ್ತು ನಮ್ಮ ರಸ್ತೆಯ 1.0 ಲೀಟರ್ ಟರ್ಬೊ ಪೆಟ್ರೋಲ್ ಕಾರುಗಳೂ ಅದೇ ಯೋಚನೆಯ ಮೊಮ್ಮಕ್ಕಳು.

ಇದರಲ್ಲಿ ನಮಗೆ ಎರಡು ಪಾಠ. ಮೊದಲನೆಯದು: ಚಿಕ್ಕ ಟರ್ಬೊ ಬೇಗ ಏಳುತ್ತೆ ಅನ್ನೋ ಸುಖದ ಬೆಲೆಯನ್ನ ವೇಸ್ಟ್‌ಗೇಟ್ ಕಟ್ಟುತ್ತೆ. ಟರ್ಬೊ ಚಿಕ್ಕದಾದಷ್ಟೂ ಗೇಟಿನ ಹೊಣೆ ದೊಡ್ಡದು. ಎರಡನೆಯದು: ಸೈಲೆನ್ಸರ್ ಕೂಡ ಬೂಸ್ಟ್ ಮೇಲೆ ಕೈ ಇಟ್ಟಿರುತ್ತೆ. ಆ ಕೈ ತೆಗೆದ್ರೆ ಏನಾಗುತ್ತೆ? ಮುಂದಿನ ಪೋಸ್ಟಲ್ಲಿ ಜಪಾನಿನ ಒಂದು ಕಾರು ಹೇಳುತ್ತೆ.

7/10
(ಫೋಟೊ: ನನ್ನ ಮೇಜಿನ ಮೇಲಿರೋ ಆರ್‌ಎಕ್ಸ್-7 ಮಾಡೆಲ್ ಕಾರು)

ಮಜ್ದಾ ಆರ್‌ಎಕ್ಸ್-7 ಎಫ್‌ಡಿ. ನಿಮ್ಮಲ್ಲಿ ಅರ್ಧ ಜನರ ವಾಲ್‌ಪೇಪರ್ ಇದೇ. 1991ರಲ್ಲಿ ಬಂತು, 2002ರವರೆಗೆ ಮಾಡಿದ್ರು. ಒಳಗಿರೋದು 13ಬಿ-ಆರ್‌ಇಡಬ್ಲ್ಯು ಅನ್ನೋ ರೋಟರಿ ಎಂಜಿನ್: ಎರಡು ರೋಟರ್, ಹೆಸರಿಗೆ 1308 ಸಿಸಿ, ಒಂದಾದ ಮೇಲೊಂದು ಕೆಲಸಕ್ಕೆ ಇಳಿಯೋ ಎರಡು ಟರ್ಬೊ. ಕಂಪನಿ ಬೂಸ್ಟ್ ಸುಮಾರು 10 ಪಿಎಸ್‌ಐ, ಅಂದ್ರೆ 0.7 ಬಾರ್.

ಈ ಕಾರಿಗೆ ಮಾಲೀಕರು ಮೊದಲು ಮಾಡೋ ಕೆಲಸ ಏನು? ಫ್ರೀ-ಫ್ಲೋ ಎಕ್ಸಾಸ್ಟ್. ಡೌನ್‌ಪೈಪ್ ಅಗಲ ಮಾಡು, ಕ್ಯಾಟಲಿಟಿಕ್ ಕನ್ವರ್ಟರ್ ತೆಗಿ, ಹಿಂದಿನ ಮಫ್ಲರ್ ಬದಲಾಯಿಸು. ಎಕ್ಸಾಸ್ಟ್ ತಡೆ ಹೋಯ್ತು. ಟರ್ಬೈನ್ ಆಚೆಯ ಒತ್ತಡ ಇಳೀತು, ಚಕ್ರಕ್ಕೆ ಹುರುಪು ಬಂತು. ಒಳಗಿದ್ದ ಗೇಟ್ ಮಾತ್ರ ಹಳೇದೇ. ಫಲ: ಗೇಟ್ ಪೂರ್ತಿ ತೆರೆದಿದ್ರೂ ಆರ್‌ಪಿಎಂ ಏರಿದ ಹಾಗೆ ಬೂಸ್ಟ್ ತಾನಾಗೇ ಏರ್ತಾ ಹೋಗುತ್ತೆ. ಇದಕ್ಕೆ ಹೆಸರು ಬೂಸ್ಟ್ ಕ್ರೀಪ್. ಆ ಕಾರನ್ನ ಇಟ್ಕೊಂಡವರ ನಡುವೆ ಇದು ದಶಕಗಳಿಂದ ಗೊತ್ತಿರೋ ರೋಗ. ಔಷಧಿಯೂ ಗೊತ್ತಿರೋದೇ: ಹೌಸಿಂಗ್ ಬಿಚ್ಚಿ ವೇಸ್ಟ್‌ಗೇಟಿನ ತೂತನ್ನ ಉಜ್ಜಿ ದೊಡ್ಡದು ಮಾಡೋದು, ಅದಕ್ಕೆ ತಕ್ಕ ಬಾಗಿಲು ಹಾಕೋದು.

ಗಮನಿಸಿ. ಇಲ್ಲಿ ಯಾರೂ ಬೂಸ್ಟ್ ಏರಿಸೋಕೆ ಹೋಗಿರಲಿಲ್ಲ. ಕಂಪನಿ ಬೂಸ್ಟಲ್ಲೇ ಇರೋಣ ಅಂದವರ ಗೇಜ್ ಮೇಲಕ್ಕೆ ತೆವಳ್ತು. ಬೂಸ್ಟ್ ಹೋದಷ್ಟು ಪೆಟ್ರೋಲ್ ಹೋಗದಿದ್ರೆ ಮಿಶ್ರಣ ಲೀನ್ ಆಗಿ ನಾಕಿಂಗ್ ಶುರು. ರೋಟರಿಯಲ್ಲಿ ನಾಕಿಂಗ್ ಅಂದ್ರೆ ಅಪೆಕ್ಸ್ ಸೀಲ್ ಚೂರು. ನಮ್ಮ ಎಂಜಿನ್ನಲ್ಲಿ ಸೀಲ್ ಇಲ್ಲ, ಪಿಸ್ಟನ್ ರಿಂಗು, ಹೆಡ್ ಗ್ಯಾಸ್ಕೆಟ್ ಇವೆ. ಹಾಳಾಗೋ ಭಾಗದ ಹೆಸರು ಬೇರೆ, ಕಾರಣ ಅದೇ.

ನಾವು ಟೆಸ್ಟ್ ಬೆಡ್ ಮೇಲೆ ಹಾಕ್ತಿರೋದು ಎರಡಡಿ ನೇರ ಪೈಪ್. ಸೈಲೆನ್ಸರ್ ಇಲ್ಲ. ತಡೆ ಅನ್ನೋದೇ ಇಲ್ಲ. ಲೆಕ್ಕ ನೀವೇ ಮುಂದುವರಿಸಿ.

8/10
(ಫೋಟೊ: ಬೂಸ್ಟ್ ಕಂಟ್ರೋಲರ್ ಸೊಲೆನಾಯ್ಡ್)

ಅತಿ ಹೆಚ್ಚು ಲೈಕ್ ಬಿದ್ದ ವಾದ ಇದು: "ಎಲೆಕ್ಟ್ರಾನಿಕ್ ಬೂಸ್ಟ್ ಕಂಟ್ರೋಲರ್ ಹಾಕ್ತೀವಲ್ಲ, 0.5ಕ್ಕೆ ಲಾಕ್ ಮಾಡಿದ್ರೆ ಆಯ್ತು."

ಕಂಟ್ರೋಲರ್ ಏನು ಮಾಡುತ್ತೆ ಅಂತ ನೋಡಿ. ಡಯಾಫ್ರಮ್‌ಗೆ ಹೋಗೋ ಒತ್ತಡದಲ್ಲಿ ಸ್ವಲ್ಪ ಕದಿಯುತ್ತೆ. ಗೇಟ್ ತಡವಾಗಿ ತೆರೆಯುತ್ತೆ, ಬೂಸ್ಟ್ ಏರುತ್ತೆ. ಅದರ ಕೈಲಿರೋದು ಗೇಟನ್ನ ಹೆಚ್ಚು ಹೊತ್ತು ಮುಚ್ಚಿಡೋ ಅಧಿಕಾರ. ಪೂರ್ತಿ ತೆರೆದ ಬಾಗಿಲನ್ನ ಇನ್ನೂ ತೆರೆಯೋ ಅಧಿಕಾರ ಯಾವ ಸೊಲೆನಾಯ್ಡಿಗೂ ಇಲ್ಲ. ಗೋಡೆಯನ್ನೇ ಅಗಲ ಮಾಡ್ಬೇಕು, ಅದಕ್ಕೆ ಸಾಫ್ಟ್‌ವೇರ್ ಇಲ್ಲ. ಕಂಟ್ರೋಲರ್ ಇಟ್ಟು ಸ್ಪ್ರಿಂಗಿನ ಒತ್ತಡಕ್ಕಿಂತ ಮೇಲೆ ಹೋಗಬಹುದು, ಕೆಳಗೆ ಇಳಿಯೋಕಾಗಲ್ಲ.

ರೋಗ ಗುರುತಿಸೋದನ್ನೂ ಕಲೀರಿ. ಎರಡನ್ನ ಎಲ್ಲರೂ ಕಲಸ್ತಾರೆ.

ಸ್ಪೈಕ್: ಬೂಸ್ಟ್ ಒಮ್ಮೆ ಮೇಲೆ ಚಿಮ್ಮಿ, ಕ್ಷಣದಲ್ಲಿ ಗುರಿಗೆ ಇಳಿಯುತ್ತೆ. ಗೇಟ್ ತೆರೆಯೋಕೆ ತಡವಾಗಿದೆ. ಕಂಟ್ರೋಲರ್ ಸೆಟ್ಟಿಂಗ್, ವ್ಯಾಕ್ಯೂಮ್ ಟ್ಯೂಬಿನ ಉದ್ದ, ಇವನ್ನ ನೋಡಿ.

ಕ್ರೀಪ್: ಬೂಸ್ಟ್ ಗುರಿಗೆ ಬಂದು ನಿಲ್ಲಲ್ಲ, ಆರ್‌ಪಿಎಂ ಜೊತೆ ಮೆಲ್ಲಗೆ ಏರುತ್ತೆ, ಇಳಿಯೋದೇ ಇಲ್ಲ. ಗೇಟಿನ ಸೈಜ್ ಅಥವಾ ದಾರಿ ಸಾಲ್ತಿಲ್ಲ. ಟ್ಯೂನಿಂಗಲ್ಲಿ ಇದು ಹೋಗಲ್ಲ.

"ಹಾಗಾದ್ರೆ ಬೂಸ್ಟ್ ಮೀರಿದ್ರೆ ಇಸಿಯು ಫ್ಯೂಯಲ್ ಕಟ್ ಮಾಡ್ಲಿ." ಮಾಡ್ಲಿ, ಖಂಡಿತ ಇರ್ಲಿ. ಅದು ಮನೆಗೆ ಬೆಂಕಿ ಬಿದ್ರೆ ಅಂತ ಇಟ್ಕೊಳ್ಳೋ ಬಕೆಟ್ ನೀರು. ಬಕೆಟ್ ಇದೆ ಅಂತ ಒಲೆ ಪಕ್ಕ ಸೀಮೆಎಣ್ಣೆ ಡಬ್ಬ ಇಡ್ತೀರಾ? ಪ್ರತಿ ಸಲ 5000 ದಾಟಿದಾಗ ಕಟ್ ಆಗೋ ಎಂಜಿನ್ನಿಂದ ಯಾವ ಡೇಟಾ ತಗೊಂಡು ರಿಪೋರ್ಟ್ ಬರೀತೀರಿ? ವೈವಾದಲ್ಲಿ ಗೈಡ್ ಸರ್ ಇದೇ ಕೇಳೋದು.

9/10
(ಫೋಟೊ: ಬೋರ್ಡ್ ಮೇಲೆ ಎರಡು ವೃತ್ತ, 38 ಮತ್ತು 60)

ಈಗ 60 ಮಿ.ಮೀ. ಪಕ್ಷದ ಇಬ್ಬರು. "ನೀನೇ ದೊಡ್ಡದು ಬೇಕು ಅಂದ್ಯಲ್ಲ, ನಾವು ಅದನ್ನೇ ತಾನೆ ಹೇಳಿದ್ದು?" ಅಂತ ನಗ್ತಿದ್ದೀರಿ, ಕಾಣಿಸ್ತಿದೆ.

ಮಾರ್ಕೆಟಲ್ಲಿ ಹೆಸರಿರೋ ಗೇಟ್ ನೋಡಿ. ಟಿಯಾಲ್ 38, 44, 60 ಮಾಡುತ್ತೆ. ಟರ್ಬೊಸ್ಮಾರ್ಟ್ 40, 45, 50, 60 ಮಾಡುತ್ತೆ. ವ್ಯಾಸ ಚೂರು ಏರಿದ್ರೂ ವಿಸ್ತೀರ್ಣ ವರ್ಗದ ಲೆಕ್ಕದಲ್ಲಿ ಏರುತ್ತೆ. 38ರ ವಿಸ್ತೀರ್ಣ 1134 ಚದರ ಮಿ.ಮೀ., 60ರದ್ದು 2827. ಎರಡೂವರೆ ಪಟ್ಟು. ನಮಗೆ ಬೇಕಿರೋದು 340.

ವಾಲ್ವ್ ಅಂಚಿನ ಸುತ್ತ ತೆರೆಯೋ ಜಾಗ ಅಂದ್ರೆ ಪೈ ಗುಣಿಸು ವ್ಯಾಸ ಗುಣಿಸು ಎತ್ತರ. 340 ಬರೋಕೆ 38ರ ವಾಲ್ವ್ ಸುಮಾರು 2.9 ಮಿ.ಮೀ. ಏಳ್ಬೇಕು. 60ರದ್ದು 1.8 ಮಿ.ಮೀ. ಎದ್ರೆ ಸಾಕು. ಅಂದ್ರೆ ಇಡೀ ಕಂಟ್ರೋಲು ಆ 1.8 ಮಿ.ಮೀ. ಒಳಗೇ. ಚೂರು ಅಲುಗಿದ್ರೆ ಬೂಸ್ಟ್ ಕುಣಿಯುತ್ತೆ. ಹಿತ್ತಲ ಕೈತೋಟಕ್ಕೆ ಅಣೆಕಟ್ಟಿನ ಗೇಟ್ ಇಟ್ಟು ನೀರು ಬಿಟ್ಟ ಹಾಗೆ.

ಇನ್ನೊಂದು ವಿಷಯ. ಎಕ್ಸಾಸ್ಟ್ ಒತ್ತಡ ವಾಲ್ವಿನ ಮುಖವನ್ನೂ ತಳ್ಳುತ್ತೆ. 0.5 ಬಾರ್‌ಗೆ 38ರ ಮೇಲೆ ಸುಮಾರು 57 ನ್ಯೂಟನ್, 60ರ ಮೇಲೆ ಸುಮಾರು 141. ಒಳ್ಳೆ ಕಂಪನಿಯವರು ಅದಕ್ಕೆ ತಕ್ಕ ಡಯಾಫ್ರಮ್, ಸ್ಪ್ರಿಂಗ್ ಕೂರಿಸಿರ್ತಾರೆ. ಹೆಸರಿಲ್ಲದ ಕಾಪಿ ಮಾಲಲ್ಲಿ ಆ ಗ್ಯಾರಂಟಿ ಯಾರು ಕೊಡ್ತಾರೆ? ಸ್ಪ್ರಿಂಗ್ ಸೋತ್ರೆ ಗೇಟ್ ಬೇಗ ತೆರೆದು ಟರ್ಬೊ ಏಳೋದೇ ತಡ.

ನ್ಯಾಯವಾಗಿ ಒಂದು ಮಾತು: ಚಿಕ್ಕ ಗೇಟ್ ಎಂಜಿನ್ ತಿನ್ನುತ್ತೆ, ದೊಡ್ಡ ಗೇಟ್ ದುಡ್ಡು, ಸಮಯ ತಿನ್ನುತ್ತೆ. ಎರಡರಲ್ಲಿ ಒಂದು ತಪ್ಪು ಮಾಡ್ಲೇಬೇಕು ಅಂದ್ರೆ ದೊಡ್ಡದರ ಕಡೆಗೇ ಮಾಡಿ. ಆದ್ರೆ ನಮಗೆ ಎರಡೂ ಮಾಡೋ ಅಗತ್ಯ ಇಲ್ಲ. 38ರ ವಾಲ್ವ್ ಬರೀ 5 ಮಿ.ಮೀ. ಎದ್ರೂ ಸುಮಾರು 600 ಚದರ ಮಿ.ಮೀ. ಸಿಗುತ್ತೆ. ಬೇಕಾದ್ದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು. ಸಾಕು.

10/10
(ಫೋಟೊ: ಮ್ಯಾನಿಫೋಲ್ಡ್ ಮೇಲೆ ಚಾಕ್‌ಪೀಸಲ್ಲಿ ಗುರುತು ಹಾಕಿದ ಜಾಗ)

ಕೊನೇ ಪೋಸ್ಟ್. 38 ತಗೊಂಡ್ರೂ ಕೆಡಿಸೋಕೆ ಒಂದು ದಾರಿ ಇದೆ: ತಪ್ಪು ಜಾಗದಲ್ಲಿ ಕೂರಿಸೋದು.

ನಾಲ್ಕೂ ಸಿಲಿಂಡರಿನ ಪೈಪ್ ಸೇರಿದ ಮೇಲೆ, ಟರ್ಬೈನ್‌ಗೆ ಮುಂಚೆ, ಗ್ಯಾಸ್ ಹರಿಯೋ ದಿಕ್ಕಲ್ಲೇ ಓರೆಯಾಗಿ ಗೇಟಿನ ಪೈಪ್ ಕವಲೊಡೀಬೇಕು. ಒಂದೇ ಸಿಲಿಂಡರಿನ ಪೈಪಿಗೆ 90 ಡಿಗ್ರಿಯಲ್ಲಿ ವೆಲ್ಡ್ ಮಾಡಿದ್ರೆ ಗ್ಯಾಸ್ ತಿರುಗಲ್ಲ, ನೇರ ಟರ್ಬೈನ್‌ಗೇ ನುಗ್ಗುತ್ತೆ. ಆಗ 38 ಕೂಡ ಚಿಕ್ಕ ಗೇಟಿನ ಹಾಗೆ ನಡ್ಕೊಳ್ಳುತ್ತೆ. ಕೋಡಿ ಎಷ್ಟೇ ಅಗಲ ಇರ್ಲಿ, ನೀರು ಅಲ್ಲಿಗೆ ತಲುಪದಿದ್ರೆ ಏನು ಬಂತು? ಗೇಟಿನ ಪೈಪಿನ ಒಳವ್ಯಾಸ ಎಲ್ಲೂ 38ಕ್ಕಿಂತ ಕಿರಿದಾಗ್ಬಾರದು. ಟರ್ಬೊ ಒಳಗಿನ ಹಳೇ ಬಾಗಿಲನ್ನ ವೆಲ್ಡ್ ಮಾಡಿ ಮುಚ್ಚಬೇಕು.

ಆಮೇಲೆ ಪರೀಕ್ಷೆ. ಕಂಟ್ರೋಲರ್ ಬಿಚ್ಚಿ. ಕಂಪ್ರೆಸರ್ ಔಟ್‌ಲೆಟ್‌ನಿಂದ ಟ್ಯೂಬ್ ಸೀದಾ ಗೇಟಿಗೆ. ಸ್ಪ್ರಿಂಗ್ 0.5 ಬಾರ್ ಅಥವಾ ಅದಕ್ಕಿಂತ ಕಡಿಮೆಯದು. 2500ರಿಂದ ಶುರು ಮಾಡಿ 500, 500 ಆರ್‌ಪಿಎಂ ಏರಿಸ್ತಾ ಪ್ರತಿ ಹಂತದಲ್ಲೂ ಬೂಸ್ಟ್ ಬರ್ಕೊಳ್ಳಿ. ಒಬ್ಬರು ಬರೀ ಗೇಜ್ ನೋಡ್ಬೇಕು, ಬೇರೆ ಕೆಲಸ ಮಾಡ್ಬಾರದು. 0.6 ಬಾರ್ ಮುಟ್ಟಿದ ಕ್ಷಣ ಥ್ರಾಟಲ್ ಮುಚ್ಚಿ. ಗ್ರಾಫ್ ಮಟ್ಟಸವಾಗಿ 6000 ತಲುಪಿದ್ರೆ ಗೇಟ್ ಪಾಸ್. ಬಲಕ್ಕೆ ಹೋದ ಹಾಗೆ ಏರಿದ್ರೆ ಫೇಲ್, ಮುಂದಿನ ಟ್ಯೂನಿಂಗ್ ಬೇಡ.

ಪಿಯುಸಿ, ಡಿಪ್ಲೊಮಾ ತಮ್ಮಂದಿರೇ, ತಂಗಿಯರೇ: ಇದು ಲ್ಯಾಬಿನ ಟೆಸ್ಟ್ ಬೆಡ್ ಕೆಲಸ. ಅಪ್ಪನ ಕಾರಿಗೆ ಕೈ ಹಾಕ್ಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ.

ನಮ್ಮ ಏಳು ಜನಕ್ಕೆ: ಶುಕ್ರವಾರ ಸಂಜೆ ಮತ್ತೆ ಓಟ್ ಹಾಕೋಣ. ಬರೋವಾಗ ಬ್ರ್ಯಾಂಡ್ ಹೆಸರು ತರ್ಬೇಡಿ, ಫಾಲೋವರ್ಸ್ ಲೆಕ್ಕ ತರ್ಬೇಡಿ. ಒಂದು ಹಾಳೆ ತನ್ನಿ, ಅದರಲ್ಲಿ ಒಂದೇ ಪ್ರಶ್ನೆಗೆ ಉತ್ತರ ಇರ್ಲಿ: 6000 ಆರ್‌ಪಿಎಂನಲ್ಲಿ ಎಷ್ಟು ಗ್ರಾಂ ಗ್ಯಾಸ್ ಮಿಕ್ಕುತ್ತೆ? ನನ್ನ ಹಾಳೆಯಲ್ಲಿ 37 ಅಂತಿದೆ. ನಿಮ್ಮದರಲ್ಲಿ ಬೇರೆ ಸಂಖ್ಯೆ ಬಂದು, ಅದಕ್ಕೆ 16 ಮಿ.ಮೀ. ತೂತು ಸಾಕಾದ್ರೆ, ನನ್ನ ಓಟೂ ನಿಮಗೇ. ಇಂಟರ್‌ಕೂಲರ್ ಹಿಡ್ಕೊಂಡು ಜೆ.ಸಿ. ರೋಡಿಂದ ಬಸ್ಸಲ್ಲಿ ನಾನೇ ತರ್ತೀನಿ.

ಸೇವ್ ಮಾಡಿ. ಟರ್ಬೊ ಹುಚ್ಚು ಹಿಡಿದಿರೋ ಗೆಳೆಯರಿಗೆ ಕಳಿಸಿ. ಲೆಕ್ಕದಲ್ಲಿ ತಪ್ಪಿದ್ರೆ ಕಾಮೆಂಟಲ್ಲಿ ಪೋಸ್ಟ್ ನಂಬರ್ ಹಾಕಿ ಹೇಳಿ.

#ವೇಸ್ಟ್‌ಗೇಟ್ #ಟರ್ಬೊ #ಬೂಸ್ಟ್‌ಕ್ರೀಪ್ #ಮೆಕ್ಯಾನಿಕಲ್‌ನವ್ರು #ಕನ್ನಡದಲ್ಲಿ_ಎಂಜಿನಿಯರಿಂಗ್